ತೂಕ ತಪ್ಪಿದ ಗೊಂಚಲು

ಬಸವನಗುಡಿ, ಬೆಂಗಳೂರು
ಜೂನ್ ೧೨, ೨೦೨೫

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಮಂಡಿನೋವು ಹೇಗಿದೆ? ಹಾಸನದ ಥಂಡಿಯಲ್ಲಿ ಬೆಳಿಗ್ಗೆ ತಣ್ಣೀರು ಮುಟ್ಟಬೇಡ. ಮಾನಸಳ ಬಾಣಂತನಕ್ಕೆಂದು ಹೋದವಳು ನೀನೇ ಮಲಗಿಬಿಟ್ಟರೆ ನಿನಗೆ ಕಷಾಯ ಕಾಯಿಸುವವರು ಯಾರು? ಮಗು ಚೆನ್ನಾಗಿ ಹಾಲು ಕುಡಿಯುತ್ತದೆಯೇ? ಇಲ್ಲಿ ನಾನು ಊಟ ಮಾಡುತ್ತಿದ್ದೇನೆ, ಅಂದರೆ ನೀನಿಟ್ಟ ಸಾರಿನಪುಡಿ ಮುಗಿಯುವವರೆಗೆ ಮಾಡಿದೆ. ಒಂದು ವಿಷಯವನ್ನು ಫೋನಿನಲ್ಲೇ ಹೇಳೋಣವೆಂದುಕೊಂಡೆ. ನಿನ್ನ ಧ್ವನಿ ಕೇಳಿದೊಡನೆ ಅಳು ಬಂತು, ಸಿಗ್ನಲ್ ಇಲ್ಲವೆಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಗೆಲಾಕ್ಸಿಗಳ ಗೊಂಚಲನ್ನು ತೂಗುತ್ತೇನೆಂದಾಗ "ತಕ್ಕಡಿ ಎಲ್ಲಿಡ್ತೀಯೇ?" ಎಂದು ನಕ್ಕಿದ್ದೆ ನೀನು. ತಕ್ಕಡಿ ಇಲ್ಲಮ್ಮ. ನೂರಾರು ಗೆಲಾಕ್ಸಿಗಳು ಸೇರಿರುವ ಕಡೆ ಅವುಗಳ ನಡುವೆ ಅನಿಲ ತುಂಬಿರುತ್ತದೆ, ಎಕ್ಸ್‌ರೇ ಸೂಸುವಷ್ಟು ಬಿಸಿ. ಅಂಥ ಅನಿಲ ಚದುರದಂತೆ ಹಿಡಿದಿಡಲು ಗೊಂಚಲಿಗೆ ಎಷ್ಟು ತೂಕವಿರಬೇಕೆಂದು ಲೆಕ್ಕ ಹಾಕುತ್ತೇವೆ. ಒಂದೇ ಷರತ್ತು, ಅನಿಲ ಕದಡದೆ ನೆಲೆ ನಿಂತಿರಬೇಕು. ನನ್ನ ಗೊಂಚಲು ಚಿತ್ರದಲ್ಲಿ ರೊಟ್ಟಿಯಂತೆ ದುಂಡಗಿತ್ತು. ದುಂಡಗಿದೆ, ಆದ್ದರಿಂದ ಶಾಂತವಾಗಿದೆ ಎಂದು ಬರೆದೆ. ಬೆಳ್ಳಗಿರುವುದೆಲ್ಲ ಹಾಲೆಂದು ನಂಬಿದೆ. ಅಷ್ಟು ದೂರದಲ್ಲಿ ಇಷ್ಟು ಭಾರದ್ದು ಅಪರೂಪವೆಂಬ ಪ್ರಬಂಧ ಅಚ್ಚಾಯಿತು. ನೀನು ಗಾಂಧಿ ಬಜಾರಿನ ಹೂವಿನವಳಿಗೂ "ನಮ್ ವಿಶಾಖಾ ಆಕಾಶಾನೇ ತೂಗಿದಾಳೆ" ಎಂದು ಹೇಳಿ ಬಂದೆ. ಆ ಪ್ರಬಂಧದ ಬಲದಿಂದಲೇ ಕಾಯಂ ಕೆಲಸದ ಸಂದರ್ಶನಕ್ಕೆ ಕರೆ ಬಂತು. ವಯಸ್ಸಿನ ಮಿತಿಗೆ ನನಗಿದೇ ಕೊನೆಯ ವರ್ಷವೆಂದು ನಿನಗೂ ಗೊತ್ತು.

ಹೋದ ವಾರ ನನ್ನ ಸಹೋದ್ಯೋಗಿ ಸುಮನ್ ಆ ಗೆಲಾಕ್ಸಿಗಳ ವೇಗ ಅಳೆದ. ಅದು ಒಂದು ಗೊಂಚಲಲ್ಲ, ಎರಡು. ಒಂದರ ಹಿಂದೆ ಇನ್ನೊಂದು, ನಮ್ಮ ಕಣ್ಣಿನ ನೇರಕ್ಕೇ ಡಿಕ್ಕಿ ಹೊಡೆಯುತ್ತಿವೆ. ಅದಕ್ಕೇ ಇಲ್ಲಿಂದ ಒಂದೇ ಆಗಿ, ದುಂಡಗೆ ಕಾಣುತ್ತವೆ. ಆ ಬಿಸಿಯಲ್ಲಿ ಬಹುಪಾಲು ಡಿಕ್ಕಿಯದು, ತೂಕದ್ದಲ್ಲ. ನಾನು ಬರೆದ ತೂಕ ತಪ್ಪು. ಪಕ್ಕಕ್ಕೆ ಹೋಗಿ ನೋಡುವ ದಾರಿ ಮನುಷ್ಯರಿಗಿಲ್ಲ ನಿಜ, ಆದರೆ ಈ ವೇಗಗಳಿಗಾಗಿ ಕಾಯಬಹುದಿತ್ತು. ಅವಸರಪಟ್ಟೆ. ನಮ್ಮ ಗೈಡ್ ವೇಣುಗೋಪಾಲ್ ಸರ್ ಬಾಗಿಲು ಮುಂದೆ ಮಾಡಿ, "ಇಂಟರ್‌ವ್ಯೂ ಮುಗೀಲಿ ಬಿಡಮ್ಮ, ಆಮೇಲೆ ತಿದ್ದಿದ್ರಾಯ್ತು" ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರು, ನನಗೂ ಅದೇ ಸರಿಯೆನಿಸಿತು. ಆದರೆ ನಮ್ಮ ವಿದ್ಯಾರ್ಥಿನಿ ಇಂಚರಾ ನನ್ನ ತೂಕವನ್ನೇ ನಂಬಿ ತನ್ನ ಪಿಎಚ್‌ಡಿಯ ಲೆಕ್ಕ ಶುರು ಮಾಡಿದ್ದಾಳೆ. ದಿನಾ ಎದುರಿಗೇ ಕೂತು ಅದೇ ಸಂಖ್ಯೆಯನ್ನು ಹಾಕಿ ಗುಣಿಸುತ್ತಾಳೆ, ನಾನು ನೋಡುತ್ತಿರುತ್ತೇನೆ. ನನಗೆ ಬೇರೆ ಕೆಲಸ ಬರುವುದಿಲ್ಲಮ್ಮ. ಇಷ್ಟು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ತುಂಬ ಭಯವಾಗುತ್ತಿದೆ.

ಮಾನಸ, ನಿನ್ನ ಅಳಿಯ ನಂದೀಶ್ ಇಬ್ಬರನ್ನೂ ಕೇಳಿದೆನೆಂದು ಹೇಳು. ಮಗುವಿನ ಅಂಗಾಲಿಗೆ ದೊಡ್ಡಮ್ಮನದೊಂದು ಮುತ್ತು. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ.

ನಿನ್ನ ಮಗಳು,
ವಿಶಾಖಾ

ವಿ.ಸೂ.: ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆಂದು ಇವತ್ತು ಬೆಳಿಗ್ಗೆಯೇ ಬರೆದು ಕಳಿಸಿಬಿಟ್ಟೆ. ಸಂದರ್ಶನಕ್ಕೂ ಬರುವುದಿಲ್ಲವೆಂದು ತಿಳಿಸಿದೆ. ನನಗೆ ಕೆಲಸ ಸಿಗಲೆಂದು ನೀನು ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರದ ಹರಕೆ ಹೊತ್ತಿದ್ದೀಯೆಂದು ಅರ್ಚಕರು ಹೇಳಿದರು. ನಿಲ್ಲಿಸಬೇಡ. ಸಂಕಲ್ಪದಲ್ಲಿ ಮಗುವಿನ ಹೆಸರು ಹೇಳಿಸು. ನನ್ನ ಹೆಸರಿನಲ್ಲಿ ಬೇಡಿಕೊಳ್ಳಲು ಈಗೇನೂ ಉಳಿದಿಲ್ಲ.