ಸೋಮವಾರ ಕೊಡುವ ಬಂದೂಕು

ಮೇ 12, ಸೋಮವಾರ

ಬೆಳಿಗ್ಗೆ ಅಪ್ಪನ ಪದಕಗಳನ್ನು ಒರೆಸಿದೆ. ಹದಿನಾಲ್ಕು. ಅವನು ಸತ್ತು ಮೂರು ವರ್ಷ, ಒರೆಸುವುದನ್ನು ಇನ್ನೂ ಬಿಟ್ಟಿಲ್ಲ. ಅಣ್ಣ ಎಮೆರಿಕ್‌ನ ಫೋನ್. ನಿವೃತ್ತನಾದರೂ ಕರ್ನಲ್ ದನಿಯೇ.

"ಸೇನಾ ಅಕಾಡೆಮಿಯ ಈ ವರ್ಷದ ಕೆಡೆಟ್‌ಗಳು ಅಪ್ಪನ ಹೆಸರು ಆರಿಸ್ಕೊಂಡಿದಾರೆ, ಸೋಲಾಂಜ್. ಇಡೀ ತಂಡಕ್ಕೇ ಜನರಲ್ ರೂಬಿಯೇರ್ ಅಂತ ಹೆಸರು. ಜೀವನಚರಿತ್ರೆ ನೀನು ಬರಿ. ಎರಡು ಪುಟ. ಸಮಾರಂಭದಲ್ಲಿ ನೀನೇ ಓದ್ಬೇಕು."

ಖುಷಿಯಾಯಿತು. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮೇ 19

ಕೆಡೆಟ್‌ಗಳು ಹಾಡು ಕಟ್ಟಿ ಕಳಿಸಿದ್ದಾರೆ. ಪ್ರತಿ ತಂಡವೂ ತನ್ನ ಜನರಲ್ ಮೇಲೆ ಒಂದು ಹಾಡು ಕಟ್ಟಲೇಬೇಕು. ಪಲ್ಲವಿ: ‘ತನ್ನವರಲ್ಲಿ ಒಬ್ಬನನ್ನೂ ಹಿಂದೆ ಬಿಟ್ಟು ಬಂದವನಲ್ಲ.’ ನನ್ನದೇ ವಾಕ್ಯ. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಓದಿದ್ದು. ಸ್ಥಳೀಯ ಪತ್ರಿಕೆಯೂ ಅದನ್ನೇ ಶೀರ್ಷಿಕೆ ಮಾಡಿದೆ.

ಮೇ 23

ಪತ್ರಿಕೆ ಹಿಡಿದು ಒಬ್ಬಳು ಮುದುಕಿ ಬಂದಳು. ವಾರ್ದಿಯಾ. ಎರಡು ಬಸ್ಸು ಬದಲಿಸಿ.

"ಜನರಲ್ ಮಗಳು ನೀನೇ ಅಲ್ವಾ? ನಮ್ಮಪ್ಪ ಅಲ್ಜೀರಿಯಾದಲ್ಲಿ ನಿಮ್ಮಪ್ಪನ ಕೈಕೆಳಗಿದ್ದ. ಮಖ್ಲೂಫ್ ಅಂತ. ನಮ್ಮೂರವರ ವಿರುದ್ಧವೇ ನಿಮ್ಮ ಫ್ರೆಂಚ್ ಸೈನ್ಯಕ್ಕಾಗಿ ಬಂದೂಕು ಹಿಡಿದಿದ್ದ. ಯುದ್ಧ ಮುಗೀತು. ಬಂದೂಕು ವಾಪಸ್ ಕೊಡಿ, ಸೋಮವಾರ ಹೊಸದು ಕೊಡ್ತೀವಿ ಅಂದ್ರು. ಸೋಮವಾರ ಅಪ್ಪ ಕ್ಯಾಂಪ್ ಗೇಟಿಗೆ ಹೋದ. ಒಳಗೆ ಯಾರೂ ಇಲ್ಲ. ಮಂಗಳವಾರ ಊರವರೇ ಅವನನ್ನ ಎಳ್ಕೊಂಡು ಹೋದ್ರು, ವಾಪಸ್ ಬರ್ಲಿಲ್ಲ. ನನಗೆ ಎಂಟು ವರ್ಷ."

"ನಿಮಗೆ ನೆನಪು ತಪ್ಪಿರಬಹುದು, ಮದಾಮ್," ಅಂದೆ. ಹೌದು, ಹಾಗೇ ಅಂದೆ.

ಅವಳು ಲೋಟ ಕೆಳಗಿಟ್ಟಳು. "ಕಾಫಿ ಚೆನ್ನಾಗಿದೆ ಮಗಳೇ. ನಿನ್ನ ವಾಕ್ಯ ಚೆನ್ನಾಗಿಲ್ಲ. ನನಗೆ ಕ್ಷಮೆ ಗಿಮೆ ಬೇಡ. ಅದನ್ನ ತೆಗಿ. ಇಲ್ಲಾಂದ್ರೆ ನಮ್ಮಪ್ಪ ಯಾರ ಕಡೆಯವನು ಅಂತ ಹೇಳು."

ಮೇ 24

ಅಟ್ಟದ ಟ್ರಂಕಿನಲ್ಲಿ ಅಪ್ಪನ ಜೇಬು ಪುಸ್ತಕ. 1962, ಏಪ್ರಿಲ್. ಹನ್ನೊಂದು ಹೆಸರು, ಮೊದಲನೆಯದು ಮಖ್ಲೂಫ್. ಕೆಳಗೆ: ‘ಬಂದೂಕುಗಳು ವಾಪಸ್. ಹೊಸವು ಸೋಮವಾರ ಎಂದು ಹೇಳಿದೆ. ಭಾನುವಾರ ಹೊರಡುವುದು.’

ಎಷ್ಟು ಅಂದವಾದ ಕೈಬರಹ. ಒಂದು ಅಕ್ಷರವೂ ನಡುಗಿಲ್ಲ.

ಜೂನ್ 2

ಒಂಬತ್ತು ದಿನ ಏನೂ ಬರೆಯಲಾಗಲಿಲ್ಲ. ಇವತ್ತು ಎಮೆರಿಕ್ ಮನೆಗೆ ಹೋದೆ. ಪುಸ್ತಕವನ್ನು ಅವನ ಊಟದ ತಟ್ಟೆಯ ಪಕ್ಕ ಇಟ್ಟೆ. ಓದಿದ. ಬ್ರೆಡ್ ಮುರಿದ.

"ಬಿಟ್ಟು ಬನ್ನಿ ಅಂತ ಮೇಲಿಂದ ಆದೇಶ ಇತ್ತು."

"ಸೋಮವಾರ ಅನ್ನೋದೂ ಆದೇಶನಾ?"

"ಆಗ ಅಪ್ಪ ಬರೀ ಲೆಫ್ಟಿನೆಂಟ್ ಕಣೇ. ಇಪ್ಪತ್ತಾರು ವರ್ಷ."

"ಮಖ್ಲೂಫ್‌ಗೆ ಎಷ್ಟಾಗಿತ್ತು?"

"ಹಾಡು ಇನ್ನೂರು ಹುಡುಗ್ರಿಗೆ ಬಾಯಿಪಾಠ ಆಗಿದೆ. ಈಗ ಹೋಗಿ ಏನಂತೀಯ? ಪಲ್ಲವಿ ಸುಳ್ಳು ಅಂತಲಾ? ಅವತ್ತು ಚರ್ಚಲ್ಲಿ ಓದಿದ್ದು ನಾನಲ್ಲ, ನೀನು."

ಬಾಗಿಲು ಬಡಿದು ಬಂದೆ. ಅವನ ಮೇಲೆ ಸಿಟ್ಟು, ಅಪ್ಪನ ಮೇಲೆ ಸಿಟ್ಟು... ಅವನ ಕೊನೆಯ ಮಾತು ನಿಜವಾದದ್ದಕ್ಕೆ ಇನ್ನೂ ಸಿಟ್ಟು. ಊಟದ ಮೇಜಿನಲ್ಲಿ ಅಪ್ಪ ‘ನನ್ನವರಲ್ಲಿ ಒಬ್ಬನನ್ನೂ ಬಿಟ್ಟು ಬಂದಿಲ್ಲ’ ಎಂದಾಗಲೆಲ್ಲ ಅಮ್ಮ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ನೋಡುತ್ತಿದ್ದೆ. ಒಮ್ಮೆಯೂ ಕೇಳಲಿಲ್ಲ.

ಜೂನ್ 20

ಎರಡು ಪುಟ ಕಳಿಸಿದೆ. ಆ ವಾಕ್ಯ ಇಲ್ಲ. ಎಮೆರಿಕ್‌ನ ಮೆಸೇಜ್: ‘ಥ್ಯಾಂಕ್ಸ್. ಇಷ್ಟು ಸಾಕು. ಜಾಣೆ.’

ಜಾಣೆಯಂತೆ.

ಜೂನ್ 28, ಸಂಜೆ 7

ಕವಾಯತು ಮೈದಾನ. ಮೊದಲು ನಾನು ಓದುವುದು. ಆಮೇಲೆ ಹುಡುಗರು ಮಂಡಿಯೂರಿ ಅಪ್ಪನ ಹೆಸರು ಸ್ವೀಕರಿಸಿ, ಅಧಿಕಾರಿಗಳಾಗಿ ಎದ್ದು, ಹಾಡುತ್ತಾರೆ. ಬಿಳಿ ಕೈಗವಸು, ಎಳೆ ಮುಖಗಳು. ಮುಂದೆ ಇವರೂ ಯಾರಿಗಾದರೂ ಸೋಮವಾರ ಎನ್ನಬೇಕಾಗಬಹುದು.

ವಾರ್ದಿಯಾ ಎರಡನೇ ಸಾಲಿನಲ್ಲಿ ಕೂತಿದ್ದಾಳೆ, ನಾನು ಕಳಿಸಿದ ನಮ್ಮ ಕುಟುಂಬದ ಪಾಸಿನಲ್ಲಿ. ಎಮೆರಿಕ್ ಅವಳನ್ನು ನೋಡಿದ, ನನ್ನನ್ನು ನೋಡಿದ. ನನ್ನ ಕೈಚೀಲದಲ್ಲಿ ಎರಡು ಪುಟ ಇವೆ ಎಂದುಕೊಂಡಿದ್ದಾನೆ. ಮೂರಿವೆ. ಮೂರನೆಯದರಲ್ಲಿ ಜೇಬು ಪುಸ್ತಕದಲ್ಲಿ ಅಪ್ಪ ಬರೆದದ್ದು ಅಷ್ಟೂ ಇದೆ, ಹನ್ನೊಂದು ಹೆಸರೂ, ಅದೇ ಕ್ರಮದಲ್ಲಿ. ಮೊದಲು ಅದನ್ನೇ ಓದುತ್ತೇನೆ.

ಕರೆಯುತ್ತಿದ್ದಾರೆ. ದನಿ ನಡುಗಬಾರದು. ಮಖ್ಲೂಫ್, ಆಮೇಲೆ...