ಬೀಗ ಹಾಕುವ ಪಾಠ

ಹೊಸಕೋಟೆ
ಭಾನುವಾರ, 16 ನವೆಂಬರ್ 2025

ಸೋಂಪುರದಲ್ಲಿ ಬಾಡಿಗೆ ಮನೆ ಹಿಡಿದು, ತಾವೇ ಅನ್ನ ಬೇಯಿಸಿಕೊಂಡು ಸುಖವಾಗಿರುವ ನನ್ನ ಯಜಮಾನರಿಗೆ, ತವರಿನಲ್ಲಿ ಕುಳಿತಿರುವ ಪ್ರಮೋದಾಳ ನಮಸ್ಕಾರಗಳು.

ಈ ಕಾಲದಲ್ಲಿ ಕಾಗದ ಯಾಕೆ ಅಂತ ಹುಬ್ಬು ಹಾರಿಸಬೇಡಿ. ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ವಾಟ್ಸಾಪ್‌ನಲ್ಲಿ ಬರೆದರೆ ನೀವು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀರಿ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ದಯವಿಟ್ಟು ಇದನ್ನು ಕೊನೆಯವರೆಗೂ ಓದಿ. ಯಾವುದನ್ನೂ ಕೊನೆ ಮುಟ್ಟಿಸದ ನಿಮ್ಮ ಹೊಸ ಅಭ್ಯಾಸ ನನಗೆ ತಿಳಿದುಹೋಗಿದೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಯುಗಾದಿಗೆಂದು ಬಂದವಳು ಇಲ್ಲೇ ಉಳಿದೆ. ಕರೆದುಕೊಂಡು ಹೋಗಲು ಗಂಡ ಬರಬೇಕು, ಅಲ್ಲಿಯವರೆಗೆ ಹೊಸ್ತಿಲು ದಾಟುವುದಿಲ್ಲ ಅಂತ ನನ್ನ ಹಟ. ಅವಳಾಗಿ ಬನ್ನಿ ಅನ್ನಲಿ, ಆಮೇಲೆ ಹೋಗುತ್ತೇನೆ ಅಂತ ನಿಮ್ಮ ಹಟ. ದೀಪಾವಳಿಯೂ ಹಾಗೇ ಕಳೆಯಿತು. ಜಗಳ ಯಾಕೆ ಬಂತು ಅಂತ ಇಬ್ಬರಿಗೂ ಚೆನ್ನಾಗಿ ನೆನಪಿದೆ. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಸ್ವಂತವಾಗಿ ಆನ್‌ಲೈನ್ ತರಬೇತಿ ಪಾಠಗಳನ್ನು ಮಾಡುತ್ತೇನೆ ಅಂದಾಗ ನೀವು ಟಿವಿಯಿಂದ ಕಣ್ಣು ಕೂಡ ತೆಗೆಯದೆ, "ಯಾರ್ ಕೇಳ್ತಾರೆ ನಿನ್ ಪಾಠಾನ" ಅಂದಿರಿ. ನನಗೆ ಅಳು ಬಂದಿತ್ತು. ನಿಮಗೆ ತೋರಿಸಬಾರದೆಂದು ಬ್ಯಾಗು ತುಂಬಿಕೊಂಡೆ.

ಈಗ ನನ್ನ ಕೆಲಸದ ವಿಚಾರ ಕೇಳಿ. ನನಗೆ ಸಿಕ್ಕ ಮೊದಲ ಸ್ವಂತ ಕೆಲಸ ಪಿಲ್ಲಗುಂಪೆಯ ಒಂದು ಕಾರ್ಖಾನೆಯದು. ಯಂತ್ರದ ರಿಪೇರಿಗೆ ಕೈ ಹಾಕುವ ಮೊದಲು ಕರೆಂಟ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು ಅನ್ನುವ ಪಾಠ. ನಿಮಗಿದು ಅರೆದು ಕುಡಿದ ವಿಷಯ. ಧ್ವನಿ ಕೊಡಲು ಸಿಟಿಯಿಂದ ಒಬ್ಬರನ್ನು ಕರೆಸಿದೆ. ಅವರು "ವಿದ್ಯುತ್ ಸರಬರಾಜನ್ನು ಸ್ಥಗಿತಗೊಳಿಸತಕ್ಕದ್ದು" ಅಂತ ಗಂಭೀರವಾಗಿ ಓದಿಹೋದರು. ಕೇಳಿದ ಕೆಲಸಗಾರರು ತೂಕಡಿಸಿದರು. ಕೊನೆಗೆ ನಾನೇ ಓದೋಣ ಅಂದುಕೊಂಡೆ. ಮನೆ ಮುಂದಿನ ರಸ್ತೆಯ ಲಾರಿ ಸದ್ದು ಒಳಗೆ ಬರಬಾರದಲ್ಲ, ಅದಕ್ಕೆ ರಜಾಯಿ ಮುಸುಕು ಹಾಕಿಕೊಂಡು, ಒಳಗೆ ಮೈಕ್ ಹಿಡಿದು, ಬೆವರು ಸುರಿಸಿಕೊಂಡು ಓದಿದೆ.

ಓದಿದ್ದೇನು ಅಂದರೆ, ನಿಮಗೆ ದಿನಾ ಹೇಳುತ್ತಿದ್ದ ಧಾಟಿಯಲ್ಲೇ: "ನೋಡ್ರೀ, ಅವಸರ ಮಾಡ್ಬೇಡಿ. ಮೊದ್ಲು ಕೈ ತೆಗೀರಿ. ಬೀಗ ಹಾಕಿದ್ರಾ? ಬೀಗದ ಕೈ ಎಲ್ಲಿದೆ? ಇನ್ನೊಂದ್ಸಲ ನೋಡ್ಕೊಳ್ಳಿ." ಅಮ್ಮ ಹೊರಗಿನಿಂದ ಇದನ್ನೆಲ್ಲ ಕೇಳಿಸಿಕೊಂಡು, ಮಗಳು ಮುಸುಕಿನೊಳಗೆ ಅಳಿಯನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ ಅಂದುಕೊಂಡಳು. ಪಕ್ಕದ ಮನೆಯ ಪಾಪಕ್ಕನಿಗೂ ಸುದ್ದಿ ಮುಟ್ಟಿಸಿದಳು. "ಸರಿಹೋದ್ರು ಕಣಕ್ಕಾ, ಬೀಗದ್ ಕೈ ಎಲ್ಲಿದೆ ಅಂತ ಮನೆ ವಿಚಾರ ಮಾತಾಡ್ಕೊಳ್ತಾವ್ರೆ" ಅಂತ. ಆ ವಾರವೆಲ್ಲ ಮನೆಯಲ್ಲಿ ಪಾಯಸ. ನಾನು ನಿಜ ಹೇಳಲಿಲ್ಲ, ಪಾಯಸ ಚೆನ್ನಾಗಿತ್ತು.

ಪಾಠ ಎಲ್ಲರಿಗೂ ಹಿಡಿಸಿತು. ಅದೇ ಮಾಲೀಕರ ಇನ್ನೊಂದು ಘಟಕ ಇರುವುದು ನಿಮ್ಮ ಸೋಂಪುರದಲ್ಲಿ, ಅದರಲ್ಲೇ ನೀವು ಪ್ರೆಸ್ ಲೈನಿನ ಸೂಪರ್‌ವೈಸರ್ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಪಾಠವನ್ನು ಅಲ್ಲಿಗೂ ಹಾಕುತ್ತೇವೆ ಅಂದರು. ನಾನು ಬೇಡ ಅನ್ನಲಿಲ್ಲ.

ಸ್ಕಾರ್ಮ್ ಅಂತ ಒಂದು ಮಾನದಂಡ ಇದೆ ಅಂತ ನಿಮಗೊಮ್ಮೆ ಹೇಳಿದ್ದೆ, ನೀವು ಅದು ಸಾಬೂನಿನ ಹೆಸರಿದ್ದ ಹಾಗಿದೆ ಅಂದಿರಿ. ಗ್ಯಾಸ್ ರೆಗ್ಯುಲೇಟರ್ ಯಾವ ಮನೆಯ ಸಿಲಿಂಡರಿಗೂ ಕೂರುವ ಹಾಗೆ, ಪಾಠ ಯಾರು ಮಾಡಿದ್ದಾದರೂ ಯಾವ ಕಂಪನಿಯ ತರಬೇತಿ ಸಾಫ್ಟ್‌ವೇರಿಗೂ ಕೂರಬೇಕು, ಅದಕ್ಕಾಗಿ ಮಾಡಿಕೊಂಡ ಕಟ್ಟಳೆ ಅದು. ಕಲಿಯುವವರು ಪಾಠ ತೆರೆದರು, ಇಂಥ ಪುಟದಲ್ಲಿ ನಿಲ್ಲಿಸಿದರು, ಮುಗಿಸಿದರು ಅಂತ ಪಾಠವೇ ಸಾಫ್ಟ್‌ವೇರಿಗೆ ತಿಳಿಸುತ್ತಿರಬೇಕು. ಕೊನೆಯ ಪುಟ ತೆರೆದ ಮೇಲೆ ಮಾತ್ರ "ಮುಗಿಯಿತು" ಅನ್ನುವ ಸುದ್ದಿ ಹೋಗುತ್ತದೆ.

ಹೀಗಿರುವಾಗ ನಿಮ್ಮ ತರಬೇತಿ ಅಧಿಕಾರಿ ಬೈರೇಶ್ ಅವರ ಫೋನ್ ಬಂತು. "ಮೇಡಂ, ಎಲ್ರುದೂ ಮುಗೀತು, ಒಬ್ರುದು ಮಾತ್ರ ಮುಗೀತಾನೇ ಇಲ್ಲ. ನಿಮ್ ಪಾಠದಲ್ಲೇ ಏನೋ ದೋಷ ಇದೆ" ಅಂದರು. ತಿಂಗಳ ಕೊನೆಗೆ ಎಲ್ಲರದೂ ಮುಗಿದರೆ ಮುಂದಿನ ಪಾಠಗಳೂ ನನಗೇ, ಇಲ್ಲದಿದ್ದರೆ ಬೇರೆಯವರಿಗೆ. ಮುಗಿಸದವರ ಹೆಸರು ಹೇಳಲಿಲ್ಲ, ಅವರ ಗುರುತಿನ ಸಂಖ್ಯೆ ಮಾತ್ರ ಕೊಟ್ಟರು.

ವಾರವೆಲ್ಲ ತಲೆ ಕೆರೆದುಕೊಂಡೆ. ಎಲ್ಲಿ ನಿಲ್ಲಿಸಿದರು ಅಂತ ನೆನಪಿಡಲು ಈ ಮಾನದಂಡದ ಹಳೆಯ ಆವೃತ್ತಿಯಲ್ಲಿ ಇಷ್ಟೇ ಅಕ್ಷರ ಅಂತ ಮಿತಿ ಇದೆ, ಅದು ತುಂಬಿಹೋಯಿತೇನೋ ಅಂತ ಬಿಚ್ಚಿ ನೋಡಿದೆ. ತುಂಬಿರಲಿಲ್ಲ. ಬೇರೆ ಬ್ರೌಸರ್‌ನಲ್ಲಿ ಓಡಿಸಿದೆ, ಚೆನ್ನಾಗಿಯೇ ಓಡಿತು. ಅಮ್ಮನ ಹೆಸರಿನಲ್ಲಿ ಲಾಗಿನ್ ಮಾಡಿ ಅಮ್ಮನನ್ನೇ ಕೂರಿಸಿದೆ. ಮುತ್ಯಾಲಮ್ಮನವರು ಚಕ್ಕಳಮಕ್ಕಳ ಹಾಕಿ ಕೂತು ಪೂರ್ತಿ ಮುಗಿಸಿ, ಪ್ರಶ್ನೆಗಳಿಗೆಲ್ಲ ಸರಿ ಉತ್ತರ ಕೊಟ್ಟು, ಈಗ ಗ್ರೈಂಡರ್ ತೊಳೆಯುವ ಮುಂಚೆ ಪ್ಲಗ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ನೀವೇ ಬಂದು ನೋಡಿ, ಗುರುವಾರ ಬನ್ನಿ, ಊಟ ಆದ್ಮೇಲೆ ಅವ್ರು ಕೂರ್ತಾರೆ" ಅಂದರು ಬೈರೇಶ್. ದೇವನಹಳ್ಳಿ, ದೊಡ್ಡಬಳ್ಳಾಪುರ ಅಂತ ಬಸ್ಸು ಬದಲಿಸಿಕೊಂಡು ಬಂದೆ. ನೀವು ಲೈನಿನಲ್ಲಿರುತ್ತೀರಿ, ಎದುರಾಗುವುದಿಲ್ಲ ಅಂದುಕೊಂಡಿದ್ದೆ. ತರಬೇತಿ ಕೋಣೆಯ ಗಾಜಿನಾಚೆ ಒಬ್ಬರೇ ಕೂತಿದ್ದರು. ಬೆನ್ನು ಕಂಡಿತು. ಆ ಬೆನ್ನನ್ನು ನಾನು ಗುರುತು ಹಿಡಿಯದೆ ಇರುತ್ತೇನೆಯೇ? ಕಾಲರು ಎಂದಿನಂತೆ ಒಳಕ್ಕೆ ಮಡಚಿಕೊಂಡಿತ್ತು.

ಕಂಬದ ಮರೆಯಲ್ಲಿ ನಿಂತೆ. ನೀವು ಪಾಠ ತೆರೆದಿರಿ. ಹಿಂದೆ ನಿಲ್ಲಿಸಿದಲ್ಲಿಂದ ಮುಂದುವರಿಯಬೇಕೆ ಅಂತ ಅದು ಕೇಳಿತು. ನೀವು ಬೇಡ ಅಂದು ಮೊದಲಿನಿಂದ ಶುರು ಮಾಡಿದಿರಿ. ಕಿವಿಯ ಹೆಡ್‌ಫೋನನ್ನು ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡಿರಿ. ಒಂದು ಪುಟದಲ್ಲಿ ಅಮ್ಮನ ಕುಕ್ಕರಿನ ವಿಷಲ್ ಸೇರಿಹೋಗಿದೆ, ಅಳಿಸಲು ಬೇಸರವಾಗಿ ಬಿಟ್ಟಿದ್ದೆ. ಆ ಪುಟಕ್ಕೆ ಬಂದಾಗ ನಿಮ್ಮ ಭುಜ ಕುಲುಕಿತು, ನಕ್ಕಿರಿ. ಕೊನೆಯ ಪುಟಕ್ಕೆ ಒಂದೇ ಬಾಕಿ ಇರುವಾಗ ಮೂಲೆಯ ಗುಣಾಕಾರದ ಗುರುತು ಒತ್ತಿ ಮುಚ್ಚಿಬಿಟ್ಟಿರಿ.

"ಹಿಂಗೇ ಮೇಡಂ, ದಿನಾ" ಅಂದರು ಬೈರೇಶ್. ಯಾಕೆ ಅಂತ ಕೇಳಿದೆ. "ಮುಗಿಸಿಬಿಟ್ರೆ ಪಾಠ ಅವ್ರ ಸ್ಕ್ರೀನಿಂದ ಹೋಗ್ಬಿಡುತ್ತೆ, ಮತ್ತೆ ಬರೋದು ಮುಂದಿನ್ ವರ್ಷಾನೇ. ಅದಕ್ಕೇ ಏನೋ" ಅಂದು ಸೀಲಿಂಗ್ ನೋಡತೊಡಗಿದರು.

ಅಷ್ಟು ಜನ ಓಡಾಡುವ ಜಾಗದಲ್ಲಿ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾರು ಕೇಳುತ್ತಾರೆ ಅಂದಿರಲ್ಲ, ಈ ಇಡೀ ಕಾರ್ಖಾನೆಯಲ್ಲಿ ನನ್ನ ಪಾಠವನ್ನು ನಿಮ್ಮಷ್ಟು ಸಲ ಯಾರೂ ಕೇಳಿಲ್ಲ. ಒಳಗೆ ಬಂದು ಕಾಲರು ಸರಿಮಾಡಬೇಕು ಅನ್ನಿಸಿತು. ಬಾಗಿಲ ಹಿಡಿಯವರೆಗೆ ಕೈ ಹೋಯಿತು. ಹಟವೂ ನನ್ನ ಜೊತೆಯಲ್ಲೇ ಬಸ್ಸಿನಲ್ಲಿ ಬಂದಿತ್ತು ನೋಡಿ, ಹಾಗೇ ಹಿಂದಿರುಗಿದೆ. ಮೂರು ದಿನದಿಂದ ಅದನ್ನೇ ನೆನೆದು ಒಬ್ಬಳೇ ನಗುತ್ತಿದ್ದೇನೆ, ಅಮ್ಮ ಮತ್ತೆ ಪಾಯಸ ಮಾಡಿದ್ದಾಳೆ.

ರೀ, ನಾನೇ ಮೊದಲು ಹೇಳುತ್ತಿದ್ದೇನೆ, ಅವಳೇ ಸೋತಳು ಅಂತ ಬೇಕಾದರೆ ನಾಲ್ಕು ಜನಕ್ಕೆ ಹೇಳಿಕೊಳ್ಳಿ. ಬನ್ನಿ. ಬರುವ ಭಾನುವಾರ ಬೆಳಗ್ಗೆಯೇ ಬನ್ನಿ, ಹೊಸಕೋಟೆಯ ಭಾನುವಾರದ ಬಿರಿಯಾನಿಗೆ ನಸುಕಿನಲ್ಲೇ ಕ್ಯೂ ನಿಲ್ಲಲು ಈ ಮನೆಯಲ್ಲಿ ಗಂಡಸರಿಲ್ಲ. ನನ್ನ ಕಂಪ್ಯೂಟರು, ಮೈಕು, ರಜಾಯಿ ಎಲ್ಲ ತುಂಬಿಕೊಳ್ಳಲು ಗಾಡಿ ಮಾಡಿಕೊಂಡು ಬನ್ನಿ. ಕೆಲಸವನ್ನಂತೂ ಬಿಡುವುದಿಲ್ಲ, ಸೋಂಪುರದಿಂದಲೇ ಮಾಡುತ್ತೇನೆ. ಅದಕ್ಕೆ ಮೊದಲು, ಈ ಕಾಗದ ಕೈ ಸೇರಿದ ಮರುದಿನವೇ ಹೋಗಿ ಆ ಪಾಠ ಮುಗಿಸಿ. ಧ್ವನಿ ಕಳೆದುಹೋಗುತ್ತದೆ ಅನ್ನುವ ಭಯ ಬೇಡ. ಆ ಧ್ವನಿ ಮನೆಗೆ ಬಂದ ಮೇಲೆ, ನಿಲ್ಲಿಸಲು ನಿಮಗೆ ಯಾವ ಗುರುತೂ ಸಿಗುವುದಿಲ್ಲ.

ಇಂತಿ, ಬಾಗಿಲು ನೋಡುತ್ತಿರುವ
ನಿಮ್ಮ ಪ್ರಮೋದಾ

ಮರೆತಿದ್ದೆ: ಕೊನೆಯ ಪುಟದಲ್ಲಿ ಧ್ವನಿ ಇಲ್ಲ, ಬರೀ ಒಂದು ಸಾಲು ಅಕ್ಷರ. ಪಾಠ ಮಾಡಿದವರ ಹೆಸರು ಹಾಕಬೇಕು ಅಂದಾಗ "ಪ್ರಮೋದಾ ಕೆಂಪರಾಜ್, ಹೊಸಕೋಟೆ, ಸದ್ಯಕ್ಕೆ ಮಾತ್ರ" ಅಂತ ನಿಮ್ಮ ಹೆಸರನ್ನೂ ಸೇರಿಸಿಯೇ ಹಾಕಿದೆ. ಬೈರೇಶ್ ಅವರು ದೋಷ ಇದೆ ಬನ್ನಿ ಅಂತ ನನ್ನನ್ನು ಅಷ್ಟು ದೂರ ಕರೆಸಿದ್ದು ಯಾಕೆ ಅಂತ ಈಗ ಅರ್ಥವಾಗುತ್ತಿದೆ. ನಿಮ್ಮ ಲೈನಿನವರೆಲ್ಲ ಆ ಪುಟ ಓದಿದ್ದಾರೆ. ಓದದೆ ಉಳಿದವರು ನೀವೊಬ್ಬರೇ.