ಗೇಟಿನ ಮೇಲಿನ ಎರಡನೇ ಬೋರ್ಡು

ದೊಡ್ಡಮ್ಮ,

ಮೊನ್ನೆ ಭಾನುವಾರ ನಬೀಲ್ ಫೋನ್ ಮಾಡಿದ್ದ. ಯಾವ ನಬೀಲ್ ಎಂದು ನೀನು ಕೇಳುವುದಿಲ್ಲ ಬಿಡು. ತುಮಕೂರಿನ ನಮ್ಮ ಉಪ್ಪಾರಹಳ್ಳಿ ಮನೆಯ ಮಹಡಿ ರೂಮಿನಲ್ಲಿದ್ದು ಫಾರ್ಮಸಿ ಓದಿದವನು ಅವನೊಬ್ಬನೇ. ಅವನ ಕನ್ನಡ ಇನ್ನೂ ಹಾಗೇ ಇದೆ, ಅಂದರೆ ನಿನ್ನ ಕನ್ನಡ. "ಏನ್ ಕಣೇ ಸುಧಾ, ಬದುಕಿದ್ದೀಯಾ?" ಎಂದ. ಹಿಂದೆ ಯಾರೋ ಸುತ್ತಿಗೆ ಹೊಡೆಯುವ ಸದ್ದು ಕೇಳುತ್ತಿತ್ತು. ಅದೇನು ಸದ್ದು ಎಂದು ಕೇಳಿದೆ. ಅವನು ಕೊಟ್ಟ ಉತ್ತರ ನಿನಗೆ ಮುಟ್ಟಿಸದಿದ್ದರೆ ನನಗೆ ಊಟ ಸೇರುವ ಹಾಗಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಆದರೆ ನಿನಗೆ ಯಾವ ವಿಷಯವನ್ನೂ ನಡುವಿನಿಂದ ಹೇಳಿದರೆ ಆಗುತ್ತಿರಲಿಲ್ಲ, ಅಲ್ಲವಾ? ಮೊದಲಿನಿಂದಲೇ ಹೇಳುತ್ತೇನೆ.

ಅವನು ಬಂದದ್ದು ತೊಂಬತ್ತೇಳರ ಆಷಾಢದಲ್ಲಿ. ಹಾಸ್ಟೆಲಿನಲ್ಲಿ ಜಾಗವಿಲ್ಲವೆಂದು ಬ್ರೋಕರ್ ಕರೆತಂದಿದ್ದ. ಬಾಡಿಗೆ, ಅಡ್ವಾನ್ಸು ಯಾವುದನ್ನೂ ಮಾತಾಡದೆ, ಲೇಡೀಸ್ ಹಾಸ್ಟೆಲ್ ವಾರ್ಡನ್ ಆಗಿದ್ದ ಕಾಲದ ಅದೇ ದನಿಯಲ್ಲಿ ನೀನು ಕೇಳಿದ್ದು ಒಂದೇ: "ಯಾವೂರಾಯ್ತಪ್ಪ?" ಅವನು ಇಸ್ರೇಲ್ ಎಂದ. "ಅದು ದೇಶ ಕಣಪ್ಪ. ನಾನ್ ಕೇಳಿದ್ದು ಊರು." ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು 'ಬೈದರ್' ಎಂದ, ಹೇಳಬಹುದೋ ಬಾರದೋ ಎನ್ನುವ ಹಾಗೆ. ಅದರರ್ಥ ಏನು ಎಂದು ನೀನು ಬಿಡದೆ ಕೇಳಿದೆ. ಧಾನ್ಯ ಬಡಿಯುವ ಕಣ ಎಂದು ಅವನು ಕೈಯಲ್ಲೇ ತೂರಿ ತೋರಿಸಿದಾಗ ನಿನಗೆ ಖುಷಿಯೋ ಖುಷಿ. ಕಣ ಇರುವ ಊರಿನವನು ಕೆಟ್ಟವನಾಗಿರುವುದು ಸಾಧ್ಯವಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿ ಬೀಗದ ಕೈ ಕೊಟ್ಟುಬಿಟ್ಟೆ. ಮೊದಲ ತಿಂಗಳು ಅವನ ಕಾಫಿಗೆ ಬೇರೆ ಲೋಟ ಇಟ್ಟಿದ್ದವಳೂ ನೀನೇ, ಅದನ್ನು ನಾನು ಮರೆತಿಲ್ಲ. ಆ ಲೋಟ ಯಾವಾಗ ನಮ್ಮ ಲೋಟಗಳ ಜೊತೆ ಸೇರಿಹೋಯಿತೋ ನಿನಗೂ ಗೊತ್ತಾಗಲಿಲ್ಲ.

ಗುಬ್ಬಿಯಿಂದ ನಂಜುಂಡಪ್ಪ ಚಿಕ್ಕಪ್ಪ ಬಂದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಬ್ಬರಿ ಮಂಡಿಯ ಸಾಹುಕಾರ, ತೋಟಕ್ಕೆ ಹೊಸದಾಗಿ ಡ್ರಿಪ್ ಹಾಕಿಸುವ ಹುಚ್ಚು. ಮಹಡಿ ಮೇಲೆ ಇಸ್ರೇಲಿನ ಹುಡುಗ ಇದ್ದಾನೆಂದು ಕೇಳಿದ್ದೇ ತಡ, ಎಳನೀರಿನ ಗೊನೆ ಹೊರಿಸಿಕೊಂಡು ಹತ್ತಿಹೋದರು. ಮರಳುಗಾಡಿನಲ್ಲಿ ಬೆಳೆ ತೆಗೆಯುವ ಜನವಂತೆ, ಒಂದು ತೊಟ್ಟು ನೀರನ್ನೂ ಪೋಲು ಮಾಡುವುದಿಲ್ಲವಂತೆ, ನಮ್ಮ ತಾಲ್ಲೂಕಿನ ರೈತರನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಬೇಕಂತೆ. ನಬೀಲ್ ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲಗೆ ಹೇಳಿದ: ನೀರಿನ ದೊಡ್ಡ ಪೈಪು ನಮ್ಮೂರಿನ ಪಕ್ಕದಲ್ಲೇ ಹೋಗುತ್ತದೆ, ಅದು ಆಚೆಯ ತೋಟಗಳಿಗೆ, ನಮ್ಮಮ್ಮ ಕುಡಿಯುವ ನೀರನ್ನು ಟ್ಯಾಂಕರಿನಿಂದ ಹಿಡಿಯುತ್ತಾಳೆ. ಚಿಕ್ಕಪ್ಪನ ಕಿವಿಗೆ ಅದು ಬೀಳಲೇ ಇಲ್ಲ. ಇಸ್ರೇಲ್ ಎಂದರೆ ಡ್ರಿಪ್, ಡ್ರಿಪ್ ಎಂದರೆ ಇಸ್ರೇಲ್, ನಡುವೆ ಒಬ್ಬ ತಾಯಿ ಕೊಡ ಹಿಡಿದು ನಿಂತಿದ್ದರೆ ಅವರಿಗೇನು?

ನಮಗಾದರೂ ಒಂದೇ ಸಲಕ್ಕೆ ಅರ್ಥವಾಗಿತ್ತಾ? ನೀನು ಸಂಜೆ ಅವರೆಕಾಯಿ ಬಿಡಿಸುವಾಗ ಅವನನ್ನೂ ಎದುರಿಗೆ ಕೂರಿಸಿಕೊಂಡು ಕೇಳಿ ಕೇಳಿ ತಿಳಿದುಕೊಂಡೆ. ಅವನ ತಾತನ ಊರು ಇಳಿಜಾರಿನ ಕೆಳಗಿತ್ತು, ನಲವತ್ತೆಂಟರ ಯುದ್ಧದಲ್ಲಿ ಹೋಯಿತು. ಉಳಿದವರು ಮೇಲಿದ್ದ ಕಣಕ್ಕೆ ಹತ್ತಿ ಅಲ್ಲೇ ಮನೆ ಮಾಡಿಕೊಂಡರು. ಹಳೆಯ ಮನೆ ಅಲ್ಲಿಂದ ಕಾಣುತ್ತದೆ, ಅದರಲ್ಲಿ ಈಗ ಬೇರೆಯವರಿದ್ದಾರೆ. ಆಮೇಲೆ ಬಂದ ಸರ್ಕಾರದ ನಕ್ಷೆಯಲ್ಲಿ ಆ ಕಣ ಬರೀ ಬಯಲು. ಊರೇ ಇಲ್ಲವೆಂದ ಮೇಲೆ ಅಲ್ಲಿರುವ ಮನೆಗಳೆಲ್ಲ ಅಕ್ರಮ, ಕರೆಂಟಿಲ್ಲ, ರಸ್ತೆಯಿಲ್ಲ, ಯಾವಾಗ ಬೇಕಾದರೂ ಬುಲ್ಡೋಜರ್ ಬರಬಹುದು. ಹಾಗಂತ ಅವರು ಹೊರಗಿನವರಲ್ಲ, ಆ ದೇಶದ ಪ್ರಜೆಗಳೇ. "ಓಟ್ ಕೇಳಕ್ಕೆ ಬರ್ತಾರೇನ್ಲಾ?" ಎಂದೆ ನೀನು. ಬರುತ್ತಾರೆ ಎಂದು ಅವನು ನಕ್ಕ. ಆಗ ಮಾತ್ರ ದಾರಿ ಗೊತ್ತಾಗುತ್ತದಂತೆ. ಕೆಲಸ ಕೇಳಲು ಹೋದರೆ ಸೈನ್ಯದಲ್ಲಿ ಇದ್ದೆಯಾ ಎನ್ನುತ್ತಾರೆ. ಇವರು ಅರಬರು, ಸೈನ್ಯಕ್ಕೆ ಹೋಗುವವರಲ್ಲ ಎಂದು ಕೇಳುವವರಿಗೂ ಗೊತ್ತು. ಅವನ ಹಾಗೆಯೇ ಅರಬ್ಬಿ ಮಾತಾಡುವ ಬೇರೆ ದೇಶದ ಹುಡುಗರು ಇಲ್ಲಿ ಕಾಲೇಜಿನಲ್ಲಿದ್ದರಲ್ಲ, ಅವರೂ ಅವನ ಪಾಸ್‌ಪೋರ್ಟ್ ನೋಡಿ ದೂರ ಕೂರುತ್ತಿದ್ದರು. ಅಲ್ಲಿ ಅನುಮಾನ, ಇಲ್ಲಿ ಅನುಮಾನ. ಒಬ್ಬ ಹುಡುಗ ಎಷ್ಟು ಕಡೆ ಪರಕೀಯನಾಗಿರಬೇಕು ಹೇಳು?

ಒಂದು ಬೇಸಿಗೆಯಲ್ಲಿ ನೀನು ನಮ್ಮಿಬ್ಬರನ್ನೂ ಕುಣಿಗಲ್ ದಾಟಿಸಿ ನಿನ್ನ ತವರು ತೋರಿಸಲು ಕರೆದೊಯ್ದೆ. ತವರು ಎಂದರೆ ನೀರು. ನಿನ್ನೂರು ಹುಣಸೇಪಾಳ್ಯ ಒಂದು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ್ದು ನೀನು ಲಂಗ ಉಡುತ್ತಿದ್ದ ಕಾಲದಲ್ಲಿ. ನಮ್ಮ ಕಡೆ ಹೆಸರಿನ ಮುಂದೆ ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನದು. ಮದುವೆಯಾದ ಮೇಲೂ ನೀನು ಬದಲಾಯಿಸಲಿಲ್ಲ. ಗೇಟಿನ ಕಂಬದ ಮೇಲೆ 'ಹೆಚ್. ಆರ್. ಶಿವಗಂಗಮ್ಮ, ಹುಣಸೇಪಾಳ್ಯ' ಎಂದೇ ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರ. ದಡದಲ್ಲಿ ನಿಂತು ನೀನು ಅವನ ಹೆಗಲು ತಟ್ಟಿ, ನನ್ನೂರೂ ಇಲ್ಲ, ನಿನ್ನೂರೂ ಇಲ್ಲ, ಇಬ್ಬರದೂ ಒಂದೇ ಕತೆ ಎಂದೆ. ಅವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅವತ್ತೇ. "ಒಂದೇ ಅಲ್ಲ ಆಂಟಿ. ನಿಮ್ಮೂರು ಇತ್ತು ಅಂತ ಒಪ್ಕೊಂಡು ಮುಳುಗಿಸಿದ್ರು. ಬದಲಿಗೆ ಜಮೀನೂ ಕೊಟ್ರು. ನಾವು ಊರಲ್ಲೇ ಇದೀವಿ. ಊರೇ ಇಲ್ಲ ಅಂತಾರೆ." ನೀನು ತಿರುಗಿ ಬೈಯುತ್ತೀಯ ಎಂದುಕೊಂಡೆ. ನೀನು ನೀರು ನೋಡುತ್ತಲೇ ಹೌದು ಕಣಪ್ಪ ಎಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನಿನ್ನ ಪಾಲಿನ ಕಿಟಕಿ ಪಕ್ಕದ ಸೀಟನ್ನು ಅವನಿಗೆ ಬಿಟ್ಟುಕೊಟ್ಟೆ.

ಅವನು ಕೊನೆಯ ವರ್ಷದಲ್ಲಿದ್ದಾಗ ಅವನ ದೇಶದಲ್ಲಿ ಗಲಾಟೆ ಜೋರಾಯಿತು. ದಿನಾ ರಾತ್ರಿ ಟಿವಿಯಲ್ಲಿ ಬೆಂಕಿ, ಹೊಗೆ, ಹೆಣ. ಅದುವರೆಗೆ ಬೀದಿಯವರಿಗೆ ಅವನು ಇಸ್ರೇಲಿನವನು. ಹೇಗೋ ಏನೋ, ಅವನು ಪ್ಯಾಲೆಸ್ಟೀನಿನವನಂತೆ, ಸಾಬರವನಂತೆ ಎಂದು ಸುದ್ದಿ ಎದ್ದಿತು. ಹೊರದೇಶದವರ ನೋಂದಣಿಗೆಂದು ಪ್ರತಿವರ್ಷ ಬರುವ ಪೊಲೀಸ್ ಪೇದೆ ಆ ವರ್ಷವೂ ಬಂದ. ಅಷ್ಟು ಸಾಕಾಯಿತು. ಪಕ್ಕದ ಮನೆಯ ಇಬ್ಬರನ್ನು ಕರೆದುಕೊಂಡು ನಂಜುಂಡಪ್ಪ ಚಿಕ್ಕಪ್ಪ ಹಾಜರಾದರು. ತುಮಕೂರಿನಲ್ಲೇ ಹುಟ್ಟಿದ ಸಾಬರ ಹುಡುಗರಿಗೆ ಒಂದು ರೂಮು ಕೊಡದ ಬೀದಿ ಅದು, ಅವನಿಗೆ ಕೊಟ್ಟೀತಾ? ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅವನು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

"ಅತ್ತಿಗೆ, ಅವ್ನು ಬ್ಯಾಡ. ಖಾಲಿ ಮಾಡ್ಸಿಬುಡಿ," ಎಂದರು ಚಿಕ್ಕಪ್ಪ.

"ಯಾಕ್ ಬ್ಯಾಡ? ಡ್ರಿಪ್ಪು ಡ್ರಿಪ್ಪು ಅಂತ ಅವ್ನ್ ಹಿಂದೆ ಸುತ್ತಿದ್ದೋನು ನೀನೇ ಅಲ್ವೇನ್ಲಾ?"

"ಅವಾಗ ಇಸ್ರೇಲಿನೋನು ಅಂದ್ಕೊಂಡಿದ್ವಿ."

"ಅವ್ನು ಅಲ್ಲಿಯೋನೇ. ಅವರ ತಾತನೂ ಅಲ್ಲಿಯೋನೇ. ಈಗ ಹೊಸದಾಗೇನಾಯ್ತು?"

ಬಂದವರು ಮಾತು ತಿರುಗಿಸಿದರು. ಮಠಕ್ಕೆ ಹೋಗುವವಳು ನೀನು, ಲಿಂಗ ಕಟ್ಟಿದವಳು, ಜನ ಏನೆಂದಾರು ಎಂದು ಶುರುಮಾಡಿದರು. ಲಿಂಗ ನನ್ನ ಕೊರಳಲ್ಲಿದೆ, ನಿಮ್ಮ ಬಾಯಲ್ಲಿ ಯಾಕೆ ಬಂತು ಎಂದು ನೀನು ಕಾಫಿಯನ್ನೂ ಕೊಡದೆ ಕಳಿಸಿದೆ. ಕಾಫಿ ಕೊಡದೆ ನೀನು ಯಾರನ್ನಾದರೂ ಕಳಿಸಿದ್ದು ಅದೊಂದೇ ಸಲ.

ಮೇಲೆ ಹೋಗಿ ನೋಡಿದರೆ ಅವನು ಬಟ್ಟೆ ತುಂಬುತ್ತಿದ್ದ. ನಿಮಗೆ ತೊಂದರೆ ಬೇಡ, ನನಗೆ ಇದು ಅಭ್ಯಾಸ ಎಂದ. ಪರೀಕ್ಷೆಗೆ ಇನ್ನೇನು ಸ್ವಲ್ಪವೇ ದಿನ. ಈ ಊರಿನಲ್ಲಿ ಬೇರೆ ಮನೆ ಸಿಗುವುದಿಲ್ಲ, ವಾಪಸ್ ಹೋದರೆ ಓದು ಅಲ್ಲಿಗೇ ನಿಂತಿತು. ಅವನ ತಾಯಿ ಆಡು ಮಾರಿ ಕಳಿಸಿದ ಓದು. ನೀನು ಆ ಬ್ಯಾಗನ್ನು ಎಳೆದುಕೊಂಡು ಕೆಳಗೆ ತಂದು ನಿನ್ನ ಮಂಚದ ಕೆಳಗೆ ತಳ್ಳಿದೆ. ಅಭ್ಯಾಸ ಎಂಬ ಮಾತು ನಿನ್ನನ್ನು ಎಷ್ಟು ಕೆರಳಿಸಿತು ಎಂದರೆ... ಮಾರನೆಯ ದಿನ ಪೂಜೆ ಮುಗಿಸಿದವಳೇ ತಿಂಡಿಯನ್ನೂ ತಿನ್ನದೆ ಬಿ.ಹೆಚ್. ರಸ್ತೆಯ ಪೇಂಟರ್ ಹತ್ತಿರ ಹೋದೆ.

ಸಾಯಂಕಾಲ ನಿನ್ನ ಬೋರ್ಡಿನ ಕೆಳಗೆ ಎರಡನೇ ಬೋರ್ಡು ಬಂತು. ಅದೇ ಕಪ್ಪು ತಗಡು, ಅದೇ ಬಿಳಿ ಅಕ್ಷರ: 'ಬಿ. ಎಂ. ನಬೀಲ್, ಬೈದರ್'. ಊರಿನ ಅಕ್ಷರ ಮೊದಲು, ಅವನಪ್ಪ ಮೂಸಾನ ಅಕ್ಷರ ಆಮೇಲೆ, ನಮ್ಮಲ್ಲಿ ಎಲ್ಲರಿಗೂ ಇರುವ ಹಾಗೆ. ಬಾಡಿಗೆದಾರನಿಗೆ ಯಾರಾದರೂ ಬೋರ್ಡು ಹಾಕಿಸುತ್ತಾರಾ ದೊಡ್ಡಮ್ಮ? ಬೀದಿಯಲ್ಲಿ ಹೋಗುವವರೆಲ್ಲ ನಿಂತು ಓದಲಿ ಎಂದೇ ನೀನು ಗೇಟಿನ ಎದುರು ಕುರ್ಚಿ ಹಾಕಿಕೊಂಡು ಕೂತೆ. ನಬೀಲ್ ಪ್ರತಿ ಅಕ್ಷರದ ಮೇಲೂ ಬೆರಳಾಡಿಸಿ, ಇದು ಬೈ, ಇದು ದ, ಇದು ರ್ ಎಂದು ನನ್ನಿಂದ ಹೇಳಿಸಿಕೊಂಡ. ನಮ್ಮೂರಿನ ಹೆಸರನ್ನು ಬೋರ್ಡಿನ ಮೇಲೆ ನೋಡಿದ್ದು ಇದೇ ಮೊದಲು ಎಂದ. ಅಲ್ಲಿ ರಸ್ತೆಯ ತಿರುವಿನಲ್ಲಿ ಅವರೇ ಒಂದು ಬೋರ್ಡು ನೆಟ್ಟರೂ ಕಿತ್ತುಕೊಂಡು ಹೋಗುತ್ತಾರಂತೆ. ನಿನಗೆ ಅಳು ಬಂತು. ನನಗೆ ಕಾಣಬಾರದೆಂದು ಮುಖ ಆಚೆ ತಿರುಗಿಸಿ ಅತ್ತೆ, ಆದರೂ ಕಂಡಿತು.

ಅವನು ಪಾಸಾಗಿ ಹೊರಟಾಗ ಆ ಬೋರ್ಡನ್ನು ಬಿಚ್ಚಿ ಬಟ್ಟೆಯ ನಡುವೆ ಇಟ್ಟುಕೊಂಡು ಹೋದ. ಗೇಟಿನ ಕಂಬದಲ್ಲಿ ಎರಡು ಕೊಕ್ಕೆ ಹಾಗೇ ಉಳಿದವು. ತೆಗೆಸು, ಸೀರೆಗೆ ಸಿಕ್ಕಿಕೊಳ್ಳುತ್ತದೆ ಎಂದರೆ ನೀನು ಕೇಳಲಿಲ್ಲ. ನೀನು ಕಣ್ಣು ಮುಚ್ಚಿದ ದಿನವೂ ಅವು ಇದ್ದವು.

ಈಗ ನೀನು ಕೇಳದ ಸುದ್ದಿಗೆ ಬರುತ್ತೇನೆ. ನಬೀಲ್ ಹತ್ತಿರದ ಪಟ್ಟಣದಲ್ಲಿ ಔಷಧಿ ಅಂಗಡಿಯಲ್ಲಿದ್ದಾನೆ. ಅಲ್ಲೇ ಬಾಡಿಗೆಗೆ ಇರಬಹುದಿತ್ತು, ಇರಲಿಲ್ಲ. ಬೈದರಿನಲ್ಲೇ ಮನೆ ಕಟ್ಟಿದ, ಬಾಗಿಲ ಪಕ್ಕ ನಿನ್ನ ಬೋರ್ಡು ಹಾಕಿದ. ಬುಲ್ಡೋಜರ್ ಬಂದ ಬೆಳಿಗ್ಗೆ ಅವನಮ್ಮ ಹಾಸಿಗೆಗಳನ್ನು ಹೊರಗೆಳೆದರೆ ಇವನು ಮೊದಲು ಬೋರ್ಡು ಬಿಚ್ಚಿದ. ಇದು ಯಾವ ಭಾಷೆ, ಏನು ಬರೆದಿದೆ ಎಂದು ಅಧಿಕಾರಿ ಕೇಳಿದನಂತೆ. ಇಂಡಿಯಾದ ಭಾಷೆ, ನಮ್ಮೂರಿನ ಹೆಸರು ಎಂದ. ಇಲ್ಲಿ ಊರೇ ಇಲ್ಲವಲ್ಲ ಎಂದನಂತೆ ಅಧಿಕಾರಿ. "ನಿಮ್ಮಲ್ಲಿ ಇಲ್ಲ, ತುಮಕೂರಲ್ಲಿ ಇದೆ ಅಂದೆ ಕಣೇ," ಎಂದು ಹೇಳಿ ನಬೀಲ್ ನಕ್ಕ. ಫೋನಿನಲ್ಲಿ ಕೇಳಿದ ಸುತ್ತಿಗೆ ಸದ್ದು ಹೊಸ ಮನೆಯದು, ಅದೇ ಜಾಗದಲ್ಲಿ. ಊರಿನವರೆಲ್ಲ ಸೇರಿ ಕಟ್ಟುತ್ತಿದ್ದಾರೆ. ಇನ್ನೊಂದು ಸಲ ಬೀಳಿಸಿದರೆ ಎಂದೆ. ಇನ್ನೊಂದು ಸಲ ಕಟ್ಟೋದು ಎಂದ, ನಾಳೆ ಹಾಲು ತರುತ್ತೇನೆ ಎನ್ನುವ ಹಾಗೆ. ಬೋರ್ಡು ಮಾತ್ರ ತುಕ್ಕು ಹಿಡಿದು ಅಕ್ಷರ ಉದುರುತ್ತಿದೆ, ಇನ್ನೊಂದು ಮಾಡಿಸಿಕೊಡುತ್ತೀಯಾ ಎಂದು ಕೇಳಿದ.

ತಗಡು ಬೇಡ ಎನ್ನಿಸಿತು. ಕುಣಿಗಲ್ ರಸ್ತೆಯಲ್ಲಿ ಕಲ್ಲು ಕೆತ್ತುವವನ ಹತ್ತಿರ ಹೋಗಿ ಎರಡು ಕಲ್ಲು ಮಾಡಿಸಿದೆ. ಒಂದು ಇವತ್ತು ಬೆಳಿಗ್ಗೆ ನಿನ್ನ ಬೋರ್ಡಿನ ಕೆಳಗೆ, ಕೊಕ್ಕೆ ಇದ್ದ ಜಾಗದಲ್ಲೇ ಕಂಬಕ್ಕೆ ಕೂತಿತು. ಬೀದಿಯವರು ನೋಡಿದರು. ನೋಡಲಿ. ಇನ್ನೊಂದನ್ನು ನಾನೇ ತೆಗೆದುಕೊಂಡು ಹೋಗುತ್ತೇನೆ, ಪಾಸ್‌ಪೋರ್ಟಿಗೆ ಹಾಕಿದ್ದೇನೆ. ನನ್ನನ್ನು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬಿಡದಿದ್ದರೆ ಬಿಡುವವರೆಗೆ ಕೇಳುತ್ತೇನೆ, ಅದನ್ನು ಕಲಿಸಿದವಳು ನೀನು.

ಕೆತ್ತುವವನು ಊರಿನ ಹೆಸರು ಬರೆದುಕೊಂಡು, ಯಾವ ತಾಲ್ಲೂಕು ಎಂದು ಕೇಳಿದ. ಊರಿದೆ ಕಣಪ್ಪ, ತಾಲ್ಲೂಕು ಇನ್ನೂ ಒಪ್ಪಿಕೊಂಡಿಲ್ಲ ಎಂದೆ. ಹಾಗಾದರೆ ಅಷ್ಟಕ್ಕೇ ಮುಗಿಸಲಾ ಎಂದ. ಬೇಡ ಎಂದೆ, ದೊಡ್ಡಮ್ಮ. ಬೈದರ್ ಎಂಬುದರ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಡಿಸಿದ್ದೇನೆ.

ನಿನ್ನ
ಸುಧಾ